ತಿರುವಿನಲ್ಲಿ ನಿಂತ ಪಂಪು

ಫೆಬ್ರವರಿ 17, 1981, ಮಂಗಳವಾರ

ಆ ಕಾರು ಮನೆಗೆ ಬಂತು. ಕಲ್ಲು ಸಾಗಿಸುವ ಲಾರಿಯ ಮೇಲೆ, ಹಗ್ಗ ಕಟ್ಟಿಸಿಕೊಂಡು, ಮದುಮಗನ ಠೀವಿಯಲ್ಲಿ ಬಂತು. ಎಡಮಗ್ಗುಲು ಪೂರಾ ಜಜ್ಜಿಹೋಗಿದೆ, ಡಿಕ್ಕಿಯ ಬಾಗಿಲು ಮುಚ್ಚುವುದಿಲ್ಲ. ನನ್ನ ಗಂಡ ಜೇಮ್ಸ್ ಕೆಲಸ ಮಾಡುವ ಕಲ್ಲುಕೋರೆಯ ಆಳುಗಳು ಅದನ್ನು ಅಂಗಳದ ಮೂಲೆಗೆ ತಳ್ಳಿ ನಿಲ್ಲಿಸಿದರು. ಸಿಟ್ಟಿನಲ್ಲಿ ಅವರಿಗೆ ಚಹಾ ಕೊಡಲಿಲ್ಲ. ಆಮೇಲೆ ನಾಚಿಕೆಯಾಗಿ, ಗೇಟು ದಾಟಿದವರನ್ನು ವಾಪಸು ಕರೆದು ಕೊಟ್ಟೆ.

ಆದಿತ್ಯವಾರ ಆದದ್ದನ್ನು ಇವತ್ತಾದರೂ ಬರೆದಿಡಬೇಕು. ಬಂದವರಿಗೆಲ್ಲ ಹೇಳಿ ಹೇಳಿ ಕಥೆ ನನ್ನ ಬಾಯಲ್ಲೇ ರೂಪ ಬದಲಿಸುತ್ತಿದೆ. ಬೆಳಿಗ್ಗೆ ಜೇಮ್ಸ್ ಎಂದಿನಂತೆ ಕಾಪುವಿಗೆ ಹೋಗಿ ಚಂದುವನ್ನು ಹತ್ತಿಸಿಕೊಂಡ. ಚಂದು ಅಲ್ಲಿ ದೋಣಿಗೆ ಹೋಗುವವನು. ಕಾರು ಸ್ಪರ್ಧೆಯಲ್ಲಿ ಜೇಮ್ಸ್ ಪಕ್ಕದ ಸೀಟಿನಲ್ಲಿ ಕೂತು ಮುಂದಿನ ತಿರುವು ಹೇಳುವವನೂ ಅವನೇ. ಏಪ್ರಿಲ್‌ನಲ್ಲಿ ಗುಡ್ಡ ಹತ್ತುವ ಸ್ಪರ್ಧೆ ಉಂಟಲ್ಲ, ಅದರ ಅಭ್ಯಾಸಕ್ಕೆ ಇಬ್ಬರೂ ಆಗುಂಬೆ ಘಾಟಿಗೆ ಹೋದರು. ಏರಿನ ಹೇರ್‌ಪಿನ್ ತಿರುವೊಂದರಲ್ಲಿ ಕಾರು ಹಿಂದಕ್ಕೆ ಜಾರಿ ಚರಂಡಿಗೆ ಮಗುಚಿಕೊಂಡಿತು. ಜೇಮ್ಸ್‌ಗೆ ಹಣೆಯಲ್ಲಿ ಹೊಲಿಗೆ. ಚಂದುವಿನ ಭುಜದ ಎಲುಬು ಮುರಿದಿದೆ, ಮಣಿಪಾಲದ ಆಸ್ಪತ್ರೆಯಲ್ಲಿದ್ದಾನೆ. ತಲೆಗೂ ಪೆಟ್ಟು ಬಿದ್ದಿದೆ. ಕಾಪುವಿನಲ್ಲಿ ಕಾರು ಹತ್ತಿದ್ದು ನೆನಪುಂಟಂತೆ, ಅದರ ನಂತರ ನೆನಪಿರುವುದು ವಾರ್ಡಿನ ಫ್ಯಾನು.

ಜೇಮ್ಸ್ ಹೇಳುವುದು ಒಂದೇ ಮಾತು. "ಎಂಜಿನ್ ಸತ್ತಿತು, ಝೀಟಾ. ತಿರುವಿನ ಮಧ್ಯದಲ್ಲೇ ಸತ್ತಿತು. ಬ್ರೇಕು ಒತ್ತಿದೆ, ಜಲ್ಲಿಯ ಮೇಲೆ ಚಕ್ರ ಹಿಡಿಯಲಿಲ್ಲ."

ಆದರೆ ಆಸ್ಪತ್ರೆಯಲ್ಲಿ ಹತ್ತಿರ ಬಗ್ಗಿದಾಗ ಅವನ ಬಾಯಿಂದ ಬ್ರಾಂದಿಯ ವಾಸನೆ ಬಂತು. ನಡುಗುತ್ತಿದ್ದವನಿಗೆ ಘಾಟಿಯ ಬುಡದ ಸೋಮೇಶ್ವರದಲ್ಲಿ ಯಾರೋ ಕುಡಿಸಿದರಂತೆ. ಯಾರು ಎಂದು ಕೇಳಿದರೆ ಗೊತ್ತಿಲ್ಲವಂತೆ. ಅತ್ತೂರಿನ ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚಿ ಅವನು ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಆ ಎರಡು ವರ್ಷ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದೆ.

ಅತ್ತೆಗೆಂದು ಡಿಕ್ಕಿಯಲ್ಲಿ ತರುತ್ತಿದ್ದ ಬಂಗುಡೆ ರಸ್ತೆಯಿಡೀ ಚೆಲ್ಲಿತ್ತಂತೆ. ಸೋಮೇಶ್ವರದವರಿಗೆ ಅವತ್ತು ಒಳ್ಳೆಯ ಊಟ ಆಗಿರಬೇಕು.

ಫೆಬ್ರವರಿ 19, ಗುರುವಾರ

ಅತ್ತೆ ತೀರ್ಪು ಕೊಟ್ಟಾಗಿದೆ. ಹಾಲಿನವನ ಎದುರಿಗೇ, "ಅಪ್ಪನ ಹಾಗೆಯೇ ಮಗ" ಎಂದರು. ಮಾವ ಕುಡಿದು ಕುಡಿದೇ ಹೋದವರು, ನಾನು ಅವರನ್ನು ನೋಡಿದ್ದು ಫೋಟೋದಲ್ಲಿ ಮಾತ್ರ. ಅತ್ತೆಯ ಹೆಸರು ಜೆರ್ಟ್ರೂಡ್, ಕಡಲ ಮಗ್ಗುಲಿನ ಕಲ್ಯಾಣಪುರದ ಹೆಣ್ಣು. ಮೊಣಕಾಲು ಹೋಗಿದೆ, ಕಿವಿ ಮಾತ್ರ ಬೆಕ್ಕಿನಷ್ಟು ಚುರುಕು, ನಾಲಗೆಯೂ ಹಾಗೆಯೇ. ಕಾರ್ಕಳಕ್ಕೆ ಬಂದು ಇಷ್ಟು ವರ್ಷವಾದರೂ ಇಲ್ಲಿಯ ಮೀನನ್ನು ಬಾಯಿಗಿಟ್ಟವರಲ್ಲ. ಮೀನು ಹೊತ್ತು ತರುವ ಅಕ್ಕು ಗೇಟಿನಲ್ಲಿ ಕೂಗಿದರೆ ಒಳಗಿನಿಂದಲೇ, "ನಿನ್ನ ಮೀನಿಗೆ ಮೊಮ್ಮಕ್ಕಳು ಆಗಿರಬೇಕು, ಮುಂದೆ ಹೋಗು" ಎನ್ನುತ್ತಾರೆ. ಅದಕ್ಕೇ ಪ್ರತಿ ಆದಿತ್ಯವಾರ ಚಂದುವಿನ ದೋಣಿಯ ಮೀನು ಐಸಿನ ಬುಟ್ಟಿಯಲ್ಲಿ ಕಾರು ಹತ್ತಿ ಇಲ್ಲಿಗೆ ಬರುವುದು.

ಜೇಮ್ಸ್ ತಟ್ಟೆ ಅರ್ಧದಲ್ಲಿ ಬಿಟ್ಟು ಎದ್ದು ಬಸ್ಸಿಗೆ ಹೋದ. ನಾನು ಅವನ ಪರ ಮಾತಾಡಲಿಲ್ಲ. ತಟ್ಟೆ ಅರ್ಧದಲ್ಲಿ ಬಿಟ್ಟು ಎದ್ದು ಬಸ್ಸಿಗೆ ಹೋದ. ಈಗ ಕೋರೆಗೆ ಬಸ್ಸಿನಲ್ಲೇ ಹೋಗುತ್ತಾನೆ.

ಫೆಬ್ರವರಿ 24, ಮಂಗಳವಾರ

ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಅಂಗಡಿ ಹಾಕಿರುವ ಇದ್ರೀಸನನ್ನು ಕರೆಸಿದೆ. ಕಾಪುವಿನ ಬ್ಯಾರಿ ಹುಡುಗ, ಬಹರೈನ್‌ನಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡಿ ಬಂದವನು. ಕರೆಸಿದ್ದು ಕಾರಿನ ಮೇಲಿನ ಪ್ರೀತಿಯಿಂದ ಅಲ್ಲ. ಎಂಜಿನ್ ಸಾಯುವಂಥ ದೋಷ ಅದರಲ್ಲಿ ಉಂಟೋ ಇಲ್ಲವೋ ಎಂದು ನನಗೆ ಗೊತ್ತಾಗಬೇಕು. ಇದ್ದರೆ ಜೇಮ್ಸ್ ನಿಜ ಹೇಳಿದ್ದಾನೆ. ಇಲ್ಲದಿದ್ದರೆ ಮುಂದೇನು ಎಂದು ನಾನು ಯೋಚಿಸಬೇಕು.

ಇದ್ರೀಸ್ ಕಾರನ್ನು ಸುತ್ತಿ ನೋಡಿ ಸಂತೋಷಪಟ್ಟ. ಹಳೆಯ ಫಿಯೆಟ್‌ಗೆ ಜೇಮ್ಸ್ ಎರಡು ಕಾರ್ಬುರೇಟರ್ ಕೂರಿಸಿದ್ದಾನೆ. ಅವುಗಳ ಹೊಟ್ಟೆಗೆ ಎಂಜಿನ್ನಿನ ಮೂಲ ಪಂಪು ಸಾಲದೆಂದು, ಗುಜರಿಯಿಂದ ಅಂಬಾಸಿಡರಿನ ಕರೆಂಟ್ ಪಂಪು ತಂದು ಡಿಕ್ಕಿಯಲ್ಲಿ ಇಟ್ಟಿದ್ದಾನೆ. ಕೀ ತಿರುಗಿಸಿದರೆ ಅದು ಟಿಕ್ ಟಿಕ್ ಎನ್ನುತ್ತ ಹಿಂದಿನ ಟ್ಯಾಂಕಿನ ಪೆಟ್ರೋಲನ್ನು ಮುಂದಕ್ಕೆ ಕಳಿಸುತ್ತದೆ. ಮದುವೆಯಾದ ವರ್ಷದಿಂದ ಆ ಸದ್ದು ಕೇಳಿ ಕೇಳಿ ನನಗೆ ಸಾಕಾಗಿದೆ.

ಇದ್ರೀಸ್ ಕೀ ತಿರುಗಿಸಿದ. ಟಿಕ್ ಟಿಕ್ ಎಂದಿತು. ಸ್ಟಾರ್ಟ್ ಮಾಡಿದ. ಒಂದೇ ಸಲಕ್ಕೆ ಹೊರಟಿತು.

"ಎಂಜಿನ್‌ಗೆ ಎಂತ ಆಗಿಲ್ಲ, ಟೀಚರ್. ಫಸ್ಟ್ ಕ್ಲಾಸ್ ಉಂಟು" ಎಂದ.

ಒಳಗೆ ಅತ್ತೆಯ ಜಪಮಣಿಯ ಸದ್ದು ಜೋರಾಯಿತು. ನನಗೆ ಆ ಕಾರಿಗೆ ಕಲ್ಲು ಹೊಡೆಯಬೇಕು ಎನ್ನಿಸಿತು.

ಮಾರ್ಚ್ 4, ಬುಧವಾರ

ಬೂದಿ ಬುಧವಾರ. ತಪಸ್ಸುಕಾಲ ಶುರು. ಈಸ್ಟರ್ ತನಕ ಅತ್ತೆಗೆ ಮಾಂಸವಿಲ್ಲ, ಮೀನಿಗೆ ಕಾರಿಲ್ಲ, ಅಕ್ಕುವಿನ ಮೀನಿಗೆ ಮರ್ಯಾದೆಯಿಲ್ಲ. ಬಸಳೆ, ಹುರುಳಿ, ಒಣಮೀನಿನ ಚಟ್ನಿ. ಮನೆಯ ಮೇಲೆ ಪೂರಾ ಬೂದಿ ಬಿದ್ದ ಹಾಗಿದೆ.

ಇಗರ್ಜಿಯಿಂದ ಬರುವಾಗ ಜೇಮ್ಸ್ ತಾನಾಗಿ ಮಾತೆತ್ತಿದ. "ನಾನೇ ಕಣ್ಣು ಮುಚ್ಚಿದೆನೋ ಏನೋ, ಝೀಟಾ. ಹಿಂದಿನ ದಿನ ನಿದ್ದೆ ಸರಿ ಆಗಿರಲಿಲ್ಲ. ಗೇರು ತಪ್ಪಿಸಿದೆನೋ ಏನೋ. ಎಲ್ಲರೂ ಹೇಳುವಾಗ ನನಗೂ ಹಾಗೆಯೇ ಕಾಣುತ್ತದೆ."

"ಕುಡಿದಿದ್ದೆಯಾ?" ಎಂದೆ. ಮೊದಲ ಸಲ ಬಾಯಿಬಿಟ್ಟು ಕೇಳಿದ್ದು.

"ಇಲ್ಲ ಅಂತ ಎಷ್ಟು ಸಲ ಹೇಳಿದೆನೋ, ಈಗ ಆ ಮಾತೇ ಸುಳ್ಳಿನ ಹಾಗೆ ಕೇಳಿಸುತ್ತದೆ" ಎಂದ.

ಹಣೆಯ ಮೇಲಿನ ಬೂದಿಯ ಶಿಲುಬೆ ಹೊಲಿಗೆಯ ಗುರುತಿನ ಮೇಲೆಯೇ ಬಿದ್ದಿತ್ತು. ಜಗಳವಾಡುವ ಗಂಡ ನನಗೆ ಅಭ್ಯಾಸ, ಹೀಗೆ ಒಪ್ಪಿಕೊಂಡುಬಿಡುವ ಗಂಡ ಅಭ್ಯಾಸವಿಲ್ಲ. ಹೆದರಿಕೆಯಾಯಿತು.

ಮಾರ್ಚ್ 7, ಶನಿವಾರ

ಶಾಲೆ ಬಿಟ್ಟವಳು ಸೀದಾ ಇದ್ರೀಸನ ಅಂಗಡಿಗೆ ಹೋದೆ. "ಇನ್ನೊಂದು ಸಲ ನೋಡು. ಸರಿಯಾಗಿ ನೋಡು" ಎಂದೆ.

"ಎಂತ ನೋಡುವುದು ಟೀಚರ್? ರೋಗ ಇಲ್ಲದವನಿಗೆ ಮದ್ದು ಕೊಡಲಿಕ್ಕೆ ಆಗುತ್ತದಾ?"

"ಹಾಗಾದರೆ ಪೊರ್ಬುಗಳು, ನನ್ನ ಗಂಡ, ಸುಳ್ಳು ಹೇಳುತ್ತಾರೆ ಅಂತಲಾ?"

ಪಾಪ, ಕೂಡಲೇ ಚೀಲ ತೆಗೆದುಕೊಂಡು ಬಂದ. ಪಂಪಿನೊಳಗೆ ಕರೆಂಟು ಮುಟ್ಟುವ ಪಾಯಿಂಟು ಬಿಚ್ಚಿ ಉಜ್ಜಿದ. ಪೆಟ್ರೋಲ್ ಪೈಪು ಬಿಚ್ಚಿ ಬಾಟಲಿಗೆ ಹಿಡಿದ, ಬಾಟಲಿ ಬೇಗ ತುಂಬಿತು. ಆಮೇಲೆ ಎರಡು ವೈರು ಕಟ್ಟಿದ ಸಣ್ಣ ಬಲ್ಬು ತೆಗೆದ. ಅದರ ಒಂದು ವೈರನ್ನು ಪಂಪಿಗೆ ಕರೆಂಟು ಬರುವ ಜಾಗಕ್ಕೆ ಮುಟ್ಟಿಸಿ, ಇನ್ನೊಂದನ್ನು ಬಂಪರಿಗೆ ಸಿಕ್ಕಿಸಿದ. ಬಲ್ಬು ಝಗ್ಗೆಂದು ಉರಿಯಿತು.

"ಕರೆಂಟು ಬರುತ್ತಾ ಉಂಟು. ಪಂಪು ಓಡುತ್ತಾ ಉಂಟು. ನೋಡಿ, ನಾನೂ ಇದ್ದೇನೆ, ನೀವೂ ಇದ್ದೀರಿ."

ಆದರೂ ಸಂಶಯಕ್ಕೆ ಬೇಡ ಎಂದು ಕೀಯಿಂದ ಪಂಪಿನವರೆಗೆ ಹೊಸ ವೈರು ಎಳೆದ. ಬಹರೈನ್‌ನಲ್ಲಿ ಕಾರು ಇಂಥ ಆಟ ಆಡುವುದಿಲ್ಲವಂತೆ. ಅಲ್ಲಿ ಮಳೆಯೂ ಇಲ್ಲ, ಏರೂ ಇಲ್ಲ, ಟೀಚರೂ ಇಲ್ಲ ಎಂದ. ತಿಂಗಳಾಗುತ್ತ ಬಂತು ನಾನು ನಕ್ಕು.

ಮಾರ್ಚ್ 12, ಗುರುವಾರ

ಎಂಟನೆಯ ತರಗತಿಗೆ ವಿದ್ಯುತ್ ಮಂಡಲದ ಪಾಠ. ಸೆಲ್ಲಿನಿಂದ ಬಲ್ಬಿಗೆ ಒಂದು ವೈರು, ಬಲ್ಬಿನಿಂದ ಸೆಲ್ಲಿಗೆ ಇನ್ನೊಂದು. ಪ್ರತಿ ವರ್ಷ ಅರ್ಧ ತರಗತಿ ಹೋಗುವ ವೈರು ಮಾತ್ರ ಬರೆದು ಬರುವ ವೈರು ಬಿಡುತ್ತದೆ. "ಹೋದ ಕರೆಂಟು ಮನೆಗೆ ಬರುವುದು ಬೇಡವಾ?" ಎಂದು ನಾನು ಪ್ರತಿ ವರ್ಷ ಬೈಯುತ್ತೇನೆ. ಇವತ್ತು ಬೈದವಳು ಚಾಕ್‌ಪೀಸು ಹಿಡಿದುಕೊಂಡು ಹಾಗೆಯೇ ನಿಂತೆ. ಆ ಕಾರಿನ ಡಿಕ್ಕಿಯಲ್ಲಿ ನಾನು ನೋಡಿದ್ದು ಒಂದೇ ವೈರು.

ಸಂಜೆ ಇದ್ರೀಸನನ್ನು ಕೇಳಿದೆ.

"ಬಾಡಿಯೇ ಎರಡನೆಯ ವೈರು ಅಲ್ವಾ, ಟೀಚರ್. ಬ್ಯಾಟರಿಯ ಒಂದು ಕಡೆ ಬಾಡಿಗೆ ಕಟ್ಟಿದ್ದು. ಪಂಪಿನಿಂದ ಇಷ್ಟು ಗಿಡ್ಡ ವೈರು ಬಾಡಿಗೆ ಉಂಟು. ಅರ್ತ್ ಅಂತ ಹೇಳುವುದು. ಕರೆಂಟು ತಗಡಿನಲ್ಲೇ ವಾಪಸು ಹೋಗುತ್ತದೆ."

"ಆ ಗಿಡ್ಡ ವೈರು ನೋಡಿದೆಯಾ?"

ಅವನು ಬಂದು ಡಿಕ್ಕಿಯ ರಬ್ಬರ್ ಹಾಸು ಮಡಚಿದ. ಪಂಪಿನ ಪಕ್ಕ ನೆಲದಲ್ಲೇ ಒಂದು ನಟ್ಟು, ಅದಕ್ಕೆ ಗಿಡ್ಡ ವೈರು, ಎರಡರ ಮೇಲೂ ಕರಿ ಪೈಂಟು. ಸ್ಪಾನರ್ ಹಾಕಿ ನೋಡಿದ. ನಟ್ಟು ಬಿಗಿ ಇತ್ತು. ಪಂಪು ಟಿಕ್ ಟಿಕ್ ಎಂದಿತು. ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು.

ಮಾರ್ಚ್ 13, ಶುಕ್ರವಾರ

ಕಾರನ್ನು ನಾನೇ ಓಡಿಸಿ ಗೊಮ್ಮಟಬೆಟ್ಟದ ಏರು ಹತ್ತಿಸಿದೆ. ಜೇಮ್ಸ್ ಮದುವೆಯ ಹೊಸತರಲ್ಲಿ ಹಠ ಹಿಡಿದು ಕಲಿಸಿದ್ದ ಡ್ರೈವಿಂಗು ಕೈ ಮರೆತಿಲ್ಲ. ಇದ್ರೀಸ್ ಹಿಂದಿನ ಸೀಟಿನ ಒರಗು ಕಿತ್ತು, ಡಿಕ್ಕಿಯೊಳಗೆ ತಲೆ ಹಾಕಿ ಮಲಗಿಕೊಂಡಿದ್ದ. ಬಸದಿಗೆ ಬಂದ ಯಾತ್ರಿಕರು ಹೆಣ ಸಾಗಿಸುತ್ತಿದ್ದೇನೆ ಎಂದುಕೊಂಡಿರಬೇಕು, ದಾರಿ ಬಿಟ್ಟುಕೊಟ್ಟರು. ಹತ್ತಿದೆವು, ಇಳಿದೆವು, ಮತ್ತೆ ಹತ್ತಿದೆವು. ಕಾರು ಸಾಯಲಿಲ್ಲ.

ಮನೆಗೆ ಬಂದಾಗ ಜೇಮ್ಸ್ ಜಗಲಿಯಲ್ಲಿ ನಿಂತಿದ್ದ. ನನ್ನ ಮುಖ ನೋಡಿ ಒಳಗೆ ಹೋದ. ಎಂಜಿನ್ ಸತ್ತಿದ್ದರೆ ಎಷ್ಟು ಚೆನ್ನಾಗಿತ್ತು!

ಮಾರ್ಚ್ 18, ಬುಧವಾರ

ಕಾರನ್ನು ಗುಜರಿಗೆ ಕೊಡುವುದೆಂದು ಜೇಮ್ಸ್ ಹೇಳಿದ. ಎರಡು ತಿಂಗಳ ಹಿಂದೆ ಈ ಮಾತಿಗೆ ನಾನು ಅತ್ತೂರಿಗೆ ಇನ್ನೊಂದು ಮೊಂಬತ್ತಿ ಹರಕೆ ಹೇಳುತ್ತಿದ್ದೆ. ಇವತ್ತು, "ಕೊಟ್ಟರೆ ನೋಡು" ಎಂದೆ. ಕಾರು ಹೋದರೆ ಅವನು ಕುಡಿದಿದ್ದ ಎನ್ನುವುದೇ ಉಳಿಯುತ್ತದೆ.

ಪಕ್ಕದ ಮನೆಯ ಸರಸ ಬಾವಿಕಟ್ಟೆಯಲ್ಲಿ, "ಗಂಡಸರು ಬಿಟ್ಟೆ ಅಂತ ಹೇಳುವುದು, ಮತ್ತೆ ಶುರು ಮಾಡುವುದು, ಹಾಗೆಯೇ ಅಲ್ವಾ ಅಕ್ಕ" ಎಂದಳು. ನನ್ನ ಗಂಡ ಹಾಗಲ್ಲ ಎಂದು ಜಗಳವಾಡಿ ಬಂದೆ. ಕೊಡಪಾನ ಅಲ್ಲಿಯೇ ಮರೆತಿತ್ತು, ಮತ್ತೆ ಹೋಗಿ ತರಬೇಕಾಯಿತು.

ಮಾರ್ಚ್ 22, ಆದಿತ್ಯವಾರ

ಇವತ್ತು ಅಕ್ಷರ ಕೆಟ್ಟದಾಗಿದ್ದರೆ ಇರಲಿ.

ಚಂದು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆಂದು ಇಗರ್ಜಿಯ ಪೂಜೆ ಮುಗಿಸಿ ಕಾಪುವಿಗೆ ಹೊರಟೆ. ಜೇಮ್ಸ್ ಬರಲಿಲ್ಲ, ಯಾವ ಮುಖ ಹೊತ್ತು ಬರಲಿ ಎಂದ. ಅತ್ತೆ ಮಾತ್ರ ಜಪಮಣಿ ಹಿಡಿದು ತಯಾರಾದರು. "ನನ್ನ ಮಗನಿಂದ ಆದದ್ದು. ನಾನು ಹೋಗಿ ಕೇಳಿಕೊಳ್ಳಬೇಕು" ಎಂದರು. ದಾರಿಯಿಡೀ ನನ್ನ ಡ್ರೈವಿಂಗನ್ನು ಅವರೂ ಅವರ ದೇವಮಾತೆಯೂ ಸೇರಿ ನಡೆಸಿದರು.

ಚಂದು ಕೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡು ಕೂತಿದ್ದ. ಅವನ ಹೆಂಡತಿ ನಳಿನಾಕ್ಷಿ ಮೊದಲಿಗೆ ಮಾತಾಡಲಿಲ್ಲ. ಎರಡು ತಿಂಗಳು ದೋಣಿಗೆ ಹೋಗುವ ಹಾಗಿಲ್ಲ ಗಂಡ, ಮಾತಾಡದಿದ್ದರೆ ಏನು ತಪ್ಪು? ಅತ್ತೆ ಅವಳ ಕೈ ಹಿಡಿದು, "ನನ್ನ ಮಗ ಕುಡಿದು ನಿನ್ನ ಸಂಸಾರ ಹಾಳುಮಾಡಿದ, ಮಗಾ" ಎಂದು ಅತ್ತರು.

"ಯಾರು ಹೇಳಿದ್ದು ಬಾಯಮ್ಮ?" ಎಂದ ಚಂದು. "ನನಗೆ ಘಾಟಿಯದ್ದು ನೆನಪಿಲ್ಲ, ನಿಜ. ಆದರೆ ಇಲ್ಲಿಂದ ಹೊರಡುವಾಗ ಜೇಮ್ಸಣ್ಣ ನಳಿನಾಕ್ಷಿ ಕೊಟ್ಟ ಗಂಜಿ ತಿಳಿ ಕುಡಿದದ್ದು. ಅದು ಬಿಟ್ಟರೆ ಎಂತದ್ದೂ ಇಲ್ಲ."

ಅತ್ತೆ ತಲೆಯಾಡಿಸಿದರು. ಗೆಳೆಯ ಗೆಳೆಯನ ಪರ ಹೇಳುತ್ತಾನೆ ಎಂಬ ಅರ್ಥದ ತಲೆಯಾಡಿಸುವಿಕೆ. ಮಾವನ ಕಾಲದಲ್ಲಿ ಅಂಥ ಗೆಳೆಯರನ್ನು ಎಷ್ಟು ನೋಡಿದ್ದರೋ.

ಹೊರಡುವಾಗ ನಳಿನಾಕ್ಷಿ ಕರಗಿದಳು. ಭಾವನ ದೋಣಿಯ ಬಂಗುಡೆ, ಮೇಲೆ ಐಸು, ಬುಟ್ಟಿ ತುಂಬ. "ಬಾಯಮ್ಮನಿಗೆ ಮೀನು ಇಲ್ಲದೆ ಎಷ್ಟು ದಿನ ಆಯಿತಾ ಏನಾ" ಎನ್ನುತ್ತ ತಾನೇ ಡಿಕ್ಕಿಯಲ್ಲಿಟ್ಟು ಬಾಗಿಲಿಗೆ ಹಗ್ಗ ಕಟ್ಟಿದಳು. ಅತ್ತೆಯ ಮುಖ ಅಷ್ಟು ಅಳುವಿನ ನಡುವೆಯೂ ಬೆಳಗಿತು.

ಶಿರ್ವ ದಾಟಿತು. ಬೆಳ್ಮಣ್ ಹತ್ತಿರದ ಏರಿನಲ್ಲಿ, ತಿರುವಿನ ಮಧ್ಯೆ, ಹಿಂದೆ ಏನೋ ಜಾರಿದ ಸದ್ದಾಯಿತು. ಸ್ವಲ್ಪ ದೂರ ಹೋಗಿ ಎಂಜಿನ್ ಎರಡು ಸಲ ಕೆಮ್ಮಿ ಸತ್ತಿತು. ಕಾರು ಹಿಂದಕ್ಕೆ ಹೊರಟಿತು.

ಬ್ರೇಕಿನ ಮೇಲೆ ನಿಂತೇ ಬಿಟ್ಟೆ. ಹ್ಯಾಂಡ್ ಬ್ರೇಕು ಎರಡೂ ಕೈಯಲ್ಲಿ ಎಳೆದೆ. ಡಾಮರು ರಸ್ತೆ, ಚಕ್ರ ಹಿಡಿಯಿತು. ಆಗುಂಬೆಯಂತೆ ಜಲ್ಲಿ ಇದ್ದಿದ್ದರೆ ನಾವೂ ಚರಂಡಿಯಲ್ಲಿ ಇರುತ್ತಿದ್ದೆವು. ಅತ್ತೆ ಕಿರುಚಲಿಲ್ಲ. ಜಪಮಣಿ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡು, "ಹೀಗೆಯೇ ಹೇಳಿದ್ದ. ಅವನು ಹೀಗೆಯೇ ಹೇಳಿದ್ದ" ಎಂದರು.

ಮನೆಗೆ ಬಂದು ಎಷ್ಟು ಸಲ ನೆನಪು ಮಾಡಿಕೊಂಡರೂ ನನಗೆ ಮೊದಲು ಆದದ್ದು ಸಂತೋಷವೇ. ಸಾಯುತ್ತಿದ್ದೆವಲ್ಲ ಎನ್ನುವುದು ಆಮೇಲೆ ಬಂತು.

ಚಕ್ರಕ್ಕೆ ಕಲ್ಲು ಕೊಟ್ಟೆ. ಕೀ ಹಾಗೆಯೇ ತಿರುಗಿಸಿಟ್ಟಿತ್ತು, ಆದರೆ ಟಿಕ್ ಟಿಕ್ ಇರಲಿಲ್ಲ. ಹಗ್ಗ ಬಿಚ್ಚಿ ಡಿಕ್ಕಿ ತೆರೆದೆ. ಬುಟ್ಟಿ ಏರಿನಲ್ಲಿ ಹಿಂದಕ್ಕೆ ಜಾರಿ, ರಬ್ಬರ್ ಹಾಸನ್ನೂ ಎಳೆದುಕೊಂಡು, ಆ ಗಿಡ್ಡ ವೈರಿನ ಮೇಲೆ ಕೂತಿತ್ತು. ಕರಗಿದ ಐಸಿನ ಉಪ್ಪುನೀರು ಬುಟ್ಟಿಯ ಅಡಿಯಿಂದ ಸಣ್ಣಗೆ ಇಳಿದು, ನಟ್ಟಿನ ಸುತ್ತ ನಿಂತಿತ್ತು. ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿದೆ.

ಟಿಕ್ ಟಿಕ್ ಟಿಕ್ ಟಿಕ್.

ಬುಟ್ಟಿ ಹಿಡಿದುಕೊಂಡು ರಸ್ತೆಯ ಮಧ್ಯೆ ನಿಂತು ಅತ್ತೆ. ಅಲ್ಲ, ಅಳು ಬಂತು ನನಗೆ. ಅತ್ತೆ ಕಾರಿನೊಳಗೆ ಇದ್ದರು. ಏನು ಬರೆಯುತ್ತಿದ್ದೇನೆಂದು ಗೊತ್ತಾಗುತ್ತಿಲ್ಲ.

"ಎಂತ ಆದದ್ದು?" ಎಂದು ಒಳಗಿನಿಂದ ಕೇಳಿದರು.

"ವೈರು ಸಡಿಲ ಇತ್ತು, ಮಾಂಯ್."

ಬುಟ್ಟಿಯನ್ನು ಹಿಂದಿನ ಸೀಟಿನಲ್ಲಿಟ್ಟು ಮನೆಗೆ ಬಂದೆವು. ಅತ್ತೆ, ಗೇಟು ತೆರೆಯಲು ಬಂದ ಜೇಮ್ಸ್‌ನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು, "ಎಂಜಿನ್ ಸತ್ತಿತು ಮಗಾ. ನಾನೇ ನೋಡಿದೆ" ಎಂದರು. ಅವನು ಜಗಲಿಯ ಮೆಟ್ಟಿಲಿನ ಮೇಲೆ ಕುಸಿದು ಕೂತು ಚಿಕ್ಕ ಮಕ್ಕಳಂತೆ ಅತ್ತ.

ಮಾರ್ಚ್ 23, ಸೋಮವಾರ

ಇದ್ರೀಸ್ ನಟ್ಟು ಬಿಚ್ಚಿದ. ಮೇಲೆ ಕರಿ ಪೈಂಟು ಗಟ್ಟಿ, ಕೆಳಗೆ ತಗಡೇ ಇಲ್ಲ. ತುಕ್ಕು ಹಪ್ಪಳದಂತೆ ಪುಡಿಯಾಗಿ ಉದುರಿತು. ವೈರಿನ ತುದಿಯಲ್ಲಿ ಹಸಿರು ಕಿಲುಬು, ನಾಲ್ಕೈದು ಎಳೆ ಮಾತ್ರ ಹಿಡಿದುಕೊಂಡಿದ್ದವು. ಸುಮ್ಮನೆ ನಿಂತಾಗ ಪಂಪಿಗೆ ಅಷ್ಟೇ ಸಾಕು. ಭಾರ ಬಿದ್ದು ಎಳೆದರೆ ಕರೆಂಟಿಗೆ ವಾಪಸು ಹೋಗಲು ದಾರಿ ಇಲ್ಲ.

ಇದ್ರೀಸ್ ತಲೆ ಚಚ್ಚಿಕೊಂಡ. "ನನ್ನ ಬಲ್ಬಿನ ಇನ್ನೊಂದು ವೈರನ್ನು ನಾನು ಬಂಪರಿಗೆ ಸಿಕ್ಕಿಸಿದ್ದು, ಟೀಚರ್! ಬಂಪರಿನ ದಾರಿ ಒಳ್ಳೆದಿತ್ತು. ಪಂಪಿನ ದಾರಿ ನೋಡಲೇ ಇಲ್ಲ. ನೀವು ಹೇಳಿದಾಗಲೂ ನಟ್ಟು ತಿರುಗಿಸಿ ಬಿಟ್ಟೆ, ಬಿಚ್ಚಲಿಲ್ಲ."

"ಬಿಚ್ಚು ಅಂತ ನಾನೂ ಹೇಳಲಿಲ್ಲವಲ್ಲ" ಎಂದೆ.

ಅವನು ತುಕ್ಕಿನ ಪುಡಿಯನ್ನು ಮೂಸಿದ. ಕಾಪುವಿನವನಿಗೆ ಮೀನುನೀರಿನ ವಾಸನೆ ಹೇಳಿಕೊಡಬೇಕಾ? ನನ್ನ ಮುಖ ನೋಡಿದ, ಜಗಲಿಯಲ್ಲಿ ಕೂತ ಅತ್ತೆಯನ್ನು ನೋಡಿದ. ಕುತ್ತಿಗೆ ಉದ್ದ ಮಾಡಿ ಕೇಳುತ್ತಿದ್ದರು ಅವರು.

"ಬಾಯಮ್ಮ, ಇದು ಸಮುದ್ರದ ಗಾಳಿ" ಎಂದು ಗಟ್ಟಿಯಾಗಿ ಹೇಳಿದ. "ಕಾಪು ಕಡೆ ಹೋಗುವ ಗಾಡಿಗೆಲ್ಲ ಹೀಗೆಯೇ."

ಜೇಮ್ಸ್ ಬಗ್ಗಿ ಆ ಜಾಗವನ್ನು ಬೆರಳಿನಿಂದ ಸವರಿದ. ಪ್ರತಿ ಆದಿತ್ಯವಾರ ಬುಟ್ಟಿ ಇಡುವವನು ಅವನೇ. ಬೆರಳನ್ನು ತುಂಬ ಹೊತ್ತು ನೋಡಿ ಪ್ಯಾಂಟಿಗೆ ಒರೆಸಿಕೊಂಡ. "ಹೌದು ಮಾರಾಯ, ಗಾಳಿಯೇ" ಎಂದ.

ಹೊಸ ವೈರನ್ನು ಹಿಂದಿನಿಂದ ಮುಂದಿನವರೆಗೆ ಎಳೆದು ಬ್ಯಾಟರಿಗೇ ಕಟ್ಟಿಸಿದೆವು. ನಮ್ಮ ಕಾರಿಗೆ ಈಗ ಎರಡು ವೈರು.

ಸಂಜೆ ಬಾವಿಕಟ್ಟೆಯ ಹತ್ತಿರ ಜೇಮ್ಸ್‌ಗೆ ಹೇಳಿದೆ, "ಆಸ್ಪತ್ರೆಯಲ್ಲಿ ನಾನು ನಿನ್ನ ಬಾಯಿ ಮೂಸಿದೆ. ಪೆಟ್ಟು ಎಷ್ಟು ಆಗಿದೆ ಅಂತ ಮೊದಲು ನೋಡಲಿಲ್ಲ."

"ಗೊತ್ತುಂಟು" ಎಂದ. ಕೊಡಪಾನ ಎತ್ತಿಕೊಳ್ಳುತ್ತ, "ಬೆಟ್ಟ ಹತ್ತಿಸಿದ್ದೂ ಗೊತ್ತುಂಟು" ಎಂದ.

ಮಾರ್ಚ್ 29, ಆದಿತ್ಯವಾರ

ಆಗುಂಬೆಗೆ ಹೋದೆವು. ಜೇಮ್ಸ್ ಓಡಿಸಿದ, ಪಕ್ಕದಲ್ಲಿ ನಾನು. ಆ ತಿರುವಿನಲ್ಲಿ ಅವನು ಗೇರು ಇಳಿಸಿದ. "ಎಡಕ್ಕೆ, ಜಲ್ಲಿ ಉಂಟು" ಎಂದು ಚಂದುವಿನ ಹಾಗೆ ಹೇಳಿದೆ. ಹತ್ತಿತು. ವಾಪಸು ಬರುವಾಗ ಸೋಮೇಶ್ವರದಲ್ಲಿ ಇಳಿದು ಚಹಾ ಕುಡಿದೆವು. ಗೂಡಂಗಡಿಯವರು ಜೇಮ್ಸ್‌ನ ಹಣೆಯ ಗುರುತು ನೋಡಿ, "ಅವತ್ತಿನವರಲ್ವಾ ನೀವು? ಬ್ರಾಂದಿ ಕುಡಿಸುವಾಗ ನನ್ನ ಕೈ ಕಚ್ಚಿದಿರಿ ಮಾರಾಯ್ರೆ, ಬೇಡ ಬೇಡ ಅಂತ" ಎಂದರು.

ಜೇಮ್ಸ್ ನನ್ನ ಕಡೆ ನೋಡಿದ. ನಾನು ಆಗಲೇ ಇನ್ನೊಂದು ಚಹಾಕ್ಕೆ ಹೇಳುತ್ತಿದ್ದೆ. ಆ ಮಾತು ನನಗೆ ಬೇಕಾಗಿಯೇ ಇರಲಿಲ್ಲ.

ಏಪ್ರಿಲ್ 5, ಆದಿತ್ಯವಾರ

ಬೆಳಿಗ್ಗೆ ಜೇಮ್ಸ್ ಕಾಪುವಿಗೆ ಹೊರಟ. ಚಂದುವಿಗೆ ಈ ಸಲದ ಸ್ಪರ್ಧೆ ಇಲ್ಲ, ಆದರೆ ದಾರಿಯ ತಿರುವುಗಳನ್ನೆಲ್ಲ ನನಗೆ ಹೇಳಿಕೊಡುತ್ತಾನಂತೆ. ನಾನು ಪಕ್ಕದ ಸೀಟಿನಲ್ಲಿ ಕೂರುವುದೆಂದು ಯಾವಾಗ ತೀರ್ಮಾನವಾಯಿತೋ ನೆನಪಿಲ್ಲ. ಹೊರಡುವಾಗ ಜೇಮ್ಸ್, "ಮಾಂಯ್, ಮೀನು ಯಾವುದು ತರಲಿ? ಸೀಟಿನ ಮೇಲೆ ಇಟ್ಟು ತರುತ್ತೇನೆ" ಎಂದು ಕೇಳಿದ. ಆ ಸೀಟಿನ ಮಾತು ಬಾಯಿ ತಪ್ಪಿ ಬಂದದ್ದು. ನಾನು ಅವನ ಕಡೆ ಕಣ್ಣು ಬಿಟ್ಟೆ, ತಡವಾಗಿತ್ತು.

"ಬೇಡ" ಎಂದರು ಅತ್ತೆ. "ಕಾರು ವಾಸನೆ ಬರುತ್ತದೆ."

ಅವನು ಹೋದ ಮೇಲೆ ಅಕ್ಕು ಗೇಟಿನಲ್ಲಿ ಕೂಗಿದಳು. ಅತ್ತೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಹೊರಗೆ ಹೋದರು. ಜಗಳಕ್ಕೇ ಎಂದು ನಾನು ಹಿಂದೆ ಓಡಿದೆ.

"ಬಂಗುಡೆ ಉಂಟಾ?"

ಅಕ್ಕು ತಲೆಯ ಮೇಲಿನ ಬುಟ್ಟಿ ಇಳಿಸುವುದನ್ನೇ ಮರೆತಳು. "ಬಾಯಮ್ಮ ನೀವಾ? ನನ್ನ ಮೀನಾ?"

"ಕೇಳಿದ್ದಕ್ಕೆ ಹೇಳು. ಉಂಟಾ?"

ಇತ್ತು. ಕಣ್ಣು ಮಸುಕಾಗಿತ್ತು, ಹೊಟ್ಟೆ ಮೆತ್ತಗಾಗಿತ್ತು. ಕಲ್ಯಾಣಪುರದಲ್ಲಿ ಹುಟ್ಟಿದವರಿಗೆ ಅದು ಕಾಣದೆ ಇರುತ್ತದಾ? ಅತ್ತೆ ಕಿವಿರು ಕೂಡ ಎತ್ತಿ ನೋಡಲಿಲ್ಲ, ಹಾಗೆಯೇ ಸೆರಗಿನಲ್ಲಿ ಹಾಕಿಸಿಕೊಂಡರು. ಅವತ್ತು ಬೆಳ್ಮಣ್ ಏರಿನಲ್ಲಿ ನಾನು ಬುಟ್ಟಿ ಎತ್ತಿದ್ದೂ ಪಂಪು ಶುರುವಾದದ್ದೂ ಒಟ್ಟಿಗೇ ಆಗಿತ್ತು. ಆ ಕಿವಿಗೆ ಅದು ಕೇಳಿಸಿರಲಿಕ್ಕಿಲ್ಲ ಎಂದು ನಾವು ಮೂವರು ಬುದ್ಧಿವಂತರು ನಂಬಿಕೊಂಡಿದ್ದೆವು.

ಅಡಿಗೆ ಅವರೇ ಮಾಡಿದರು. ಮಧ್ಯಾಹ್ನ ಜೇಮ್ಸ್ ಬಂದ, ಮೂವರೂ ಊಟಕ್ಕೆ ಕೂತೆವು. ಅವನು ಮೊದಲ ತುತ್ತು ಬಾಯಿಗಿಟ್ಟು ತಾಯಿಯ ಮುಖ ನೋಡಿದ. ಅತ್ತೆ ಮುಳ್ಳು ಬಿಡಿಸುತ್ತ, ತಲೆ ಎತ್ತದೆ, "ಫ್ರೆಶ್ ಉಂಟು" ಎಂದರು.

"ಹೌದು ಮಾಂಯ್" ಎಂದ ಜೇಮ್ಸ್.

"ಇನ್ನೊಂದು ಹಾಕಿ" ಎಂದು ನಾನು ತಟ್ಟೆ ಚಾಚಿದೆ.